ಕಿಟ್ಟೆಲ್ ಅವರಿಂದ ಒಂದು ಸರ್ವನಾಮ ಪಾಠ

ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. 1853ರಲ್ಲಿ ಬಾಸೆಲ್ ಮಿಶನ್ ಮೂಲಕ ಭಾರತಕ್ಕೆ ಬಂದು ಕನ್ನಡ ಕಲಿತರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. 1903ರಲ್ಲಿ, ತಾವು ತೀರಿಕೊಂಡ ವರ್ಷವೇ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವನ್ನೂ ಕೊಟ್ಟುಹೋದರು.

ಅವರ ಜರ್ಮನ್ ಭಾಷೆಯಲ್ಲಿ ‘ನನ್ನನ್ನು’ ಎನ್ನಲು ‘ಮಿಶ್’, ‘ನನಗೆ’ ಎನ್ನಲು ‘ಮಿರ್’ ಇವೆ. ಕನ್ನಡದ ದ್ವಿತೀಯಾ, ಚತುರ್ಥೀ ವಿಭಕ್ತಿಗಳ ಭೇದ ಅವರಿಗೆ ಹೊಸದಾಗಿರಲಿಲ್ಲ. ಆದರೆ ಅವರು ವ್ಯಾಕರಣ ಬರೆದ ಇಂಗ್ಲಿಷಿನಲ್ಲಿ ಎರಡಕ್ಕೂ ‘ಮಿ’ ಒಂದೇ ರೂಪ.

ನಂಜನಗೂಡು, ಟಿ. ನರಸೀಪುರದ ಶಾಲೆಗಳಲ್ಲಿ ಅಭ್ಯಾಸ ಪಾಠ ಮಾಡುವ ನಮಗೆ ಎದುರಾಗುವುದೂ ಇದೇ. ‘ಅವಳು ನನ್ನನ್ನು ಕರೆದಳು’, ‘ಅವಳು ನನಗೆ ಪುಸ್ತಕ ಕೊಟ್ಟಳು’, ಎರಡರಲ್ಲೂ ‘ಮಿ’ ಸರಿ. ‘ನನಗೆ ಹಣ್ಣು ಬೇಕು’ ಎನ್ನುವಲ್ಲಿ ಮಾತ್ರ ‘ಐ’ ಬರಬೇಕು. ‘ನನಗೆ’ ಎಂದರೆ ‘ಮಿ’ ಎಂದು ಬಾಯಿಪಾಠ ಮಾಡಿಸಿದರೆ ಮಗು ‘ಮಿ ವಾಂಟ್’ ಎನ್ನುತ್ತದೆ. ಮಗು ನಾವು ಹೇಳಿಕೊಟ್ಟದ್ದನ್ನೇ ಪಾಲಿಸಿದೆ.

ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಅರ್ಥದ ಜೊತೆಗೆ ಪ್ರಯೋಗಗಳನ್ನೂ ಕೊಟ್ಟರು. ನಾವೂ ಕಪ್ಪುಹಲಗೆಯ ಮೇಲೆ ಬಿಡಿ ಪದಗಳ ಬದಲು ವಾಕ್ಯಗಳನ್ನು ಬರೆಯೋಣ. ಕ್ರಿಯಾಪದಕ್ಕೆ ಮೊದಲು ಕರ್ತೃವಾಗಿ ‘ಐ, ಹಿ, ಷಿ’; ಅದರ ನಂತರ ಕರ್ಮವಾಗಿ ‘ಮಿ, ಹಿಮ್, ಹರ್’. ಕನ್ನಡದಲ್ಲಿ ಪ್ರತ್ಯಯ ಹೇಳುವುದನ್ನು ಇಂಗ್ಲಿಷಿನಲ್ಲಿ ಬಹುಪಾಲು ಪದದ ಸ್ಥಾನ ಹೇಳುತ್ತದೆ. ಇಷ್ಟು ತಿಳಿದ ಮಗು ತನ್ನ ವಾಕ್ಯವನ್ನು ತಾನೇ ತಿದ್ದಿಕೊಳ್ಳಬಲ್ಲದು.