ಬಿಚ್ಚಿ ನೋಡಿ ಕಲಿತ ಜಿ.ಡಿ. ನಾಯ್ಡು



ಕೊಳ್ಳೇಗಾಲ, ಹನೂರು ಕಡೆಯ ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಜಮೀನು ಪತ್ರಗಳಿದ್ದರೆ ಒಮ್ಮೆ ತೆಗೆದು ನೋಡಿ. ಅವುಗಳಲ್ಲಿ ಜಿಲ್ಲೆಯ ಹೆಸರು ಮೈಸೂರು ಎಂದಿರುವುದಿಲ್ಲ, ಕೊಯಮತ್ತೂರು ಎಂದಿರುತ್ತದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಹನೂರು ಆಗ ಕೊಳ್ಳೇಗಾಲದೊಳಗಿನ ಊರು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ನಮ್ಮ ಹಿರಿಯರ ಆ ಜಿಲ್ಲೆಯಲ್ಲಿಯೇ ಹುಟ್ಟಿ ಬೆಳೆದು, ಇಂದಿಗೂ ಅಲ್ಲಿನವರ ಬಾಯಲ್ಲಿ ಉಳಿದಿರುವ ಮೆಕ್ಯಾನಿಕ್ ಒಬ್ಬರ ಬದುಕನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು, ಎಲ್ಲರ ಬಾಯಲ್ಲಿ ಜಿ.ಡಿ. ನಾಯ್ಡು.

ನಾಯ್ಡುರವರು 1893ರ ಮಾರ್ಚ್ 23ರಂದು ಕೊಯಮತ್ತೂರಿಗೆ ಹತ್ತಿರದ ಕಲಂಗಲ್ ಎಂಬ ಹಳ್ಳಿಯಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಹುಟ್ಟಿದ ಸ್ವಲ್ಪ ಕಾಲದಲ್ಲೇ ತಾಯಿಯನ್ನು ಕಳೆದುಕೊಂಡರು. ಶಾಲೆ ಅವರಿಗೆ ಒಗ್ಗಲಿಲ್ಲ. ಓದು ಕೆಳಗಿನ ತರಗತಿಗಳಲ್ಲೇ ನಿಂತುಹೋಯಿತು. ಹುಡುಗ ತಂದೆಯ ಹೊಲದಲ್ಲಿ ದುಡಿದ. ಆದರೆ ತಮಿಳು ಪುಸ್ತಕಗಳನ್ನು ತಾನಾಗಿಯೇ ಓದಿಕೊಂಡ. ಗಮನಿಸಿ: ಅವನಿಗೆ ಬೇಡವಾದದ್ದು ತರಗತಿ, ಕಲಿಕೆಯಲ್ಲ.

ಒಂದು ದಿನ ಇಂಗ್ಲಿಷ್ ಅಧಿಕಾರಿಯೊಬ್ಬರು ಆ ಕಡೆ ಮೋಟಾರ್ ಸೈಕಲ್ ಏರಿ ಬಂದರು. ಎತ್ತಿಲ್ಲದೆ, ಕುದುರೆಯಿಲ್ಲದೆ ಓಡುವ ಆ ಗಾಡಿಯನ್ನು ಕಂಡ ಹುಡುಗನಿಗೆ ಮತ್ತೆ ನೆಮ್ಮದಿಯಿರಲಿಲ್ಲ. ಕೊಯಮತ್ತೂರಿಗೆ ಹೋಗಿ ಹೋಟೆಲಿನಲ್ಲಿ ಮಾಣಿಯಾಗಿ ಕೆಲಸಕ್ಕೆ ಸೇರಿದ. ಲೋಟ, ತಟ್ಟೆ ಎತ್ತಿ ಕಾಸಿಗೆ ಕಾಸು ಕೂಡಿಸಿ, ಕಡೆಗೆ ಅಂಥದೇ ಒಂದು ಗಾಡಿಯನ್ನು ಕೊಂಡ. ಕೊಂಡವನು ಊರ ಮುಂದೆ ಮೆರೆಯಬಹುದಿತ್ತು. ಅವನು ಮಾಡಿದ್ದೇ ಬೇರೆ. ಗಾಡಿಯನ್ನು ತುಂಡುತುಂಡಾಗಿ ಬಿಚ್ಚಿದ. ಯಾವ ಭಾಗ ಯಾವುದನ್ನು ತಿರುಗಿಸುತ್ತದೆ ಎಂದು ಕಂಡುಕೊಂಡು ಮತ್ತೆ ಜೋಡಿಸಿದ. ಅವರ ವಿದ್ಯಾಲಯ ಅದೇ.

ಮೊದಲ ಮಹಾಯುದ್ಧದ ಕಾಲದಲ್ಲಿ ಹತ್ತಿಯ ವ್ಯಾಪಾರದಿಂದ ನಾಯ್ಡುರವರ ಕೈಗೆ ಹಣ ಬಂತು. ಮುಂಬಯಿಗೆ ಹೋಗಿ ದೊಡ್ಡ ವ್ಯಾಪಾರಕ್ಕೆ ಕೈಹಾಕಿದಾಗ ಬಂದದ್ದೆಲ್ಲ ಹೋಯಿತು. ಬರಿಗೈಯಲ್ಲಿ ಊರಿಗೆ ಮರಳಿದರು. ಆಗ ಅವರನ್ನು ನಂಬಿದವರು ಕೊಯಮತ್ತೂರಿನ ಉದ್ಯಮಿ ರಾಬರ್ಟ್ ಸ್ಟೇನ್ಸ್. ಅವರ ನೆರವಿನಿಂದ ನಾಯ್ಡುರವರು 1920ರಲ್ಲಿ ಒಂದು ಬಸ್ಸನ್ನು ಪಡೆದು, ಪೊಳ್ಳಾಚಿ ಮತ್ತು ಪಳನಿಯ ನಡುವೆ ತಾವೇ ಓಡಿಸಿದರು. ಕೆಟ್ಟರೆ ರಿಪೇರಿಯೂ ಅವರದೇ. ಆ ಒಂದು ಬಸ್ಸೇ ಬೆಳೆದು ಯೂನಿವರ್ಸಲ್ ಮೋಟಾರ್ ಸರ್ವಿಸ್ ಆಯಿತು. ಹೊತ್ತಿಗೆ ಸರಿಯಾಗಿ ಹೊರಡುವ, ಹೊತ್ತಿಗೆ ಸರಿಯಾಗಿ ತಲುಪುವ ಬಸ್ಸುಗಳೆಂದು ಅದು ನಾಡಿನಲ್ಲೇ ಹೆಸರು ಪಡೆಯಿತು.

ಬಸ್ಸಿನ ಜೊತೆಗೆ ಅವರ ಕೈ ಇನ್ನೂ ಎಷ್ಟೋ ಕಡೆ ಆಡಿತು. 1937ರಲ್ಲಿ ಡಿ. ಬಾಲಸುಂದರಂ ನಾಯ್ಡುರವರೊಂದಿಗೆ ಸೇರಿ ಪೀಳಮೇಡಿನಲ್ಲಿ ವಿದ್ಯುತ್ ಮೋಟಾರ್ ತಯಾರಿಸಿದರು. ಭಾರತದಲ್ಲೇ ತಯಾರಾದ ಮೊದಲ ಮೋಟಾರುಗಳಲ್ಲಿ ಅದೂ ಒಂದು. ಇಂದು ನಿಮ್ಮ ಬಾವಿಗೂ ಬೋರ್‌ವೆಲ್ಲಿಗೂ ಕೊಯಮತ್ತೂರಿನಿಂದ ಪಂಪ್‌ಸೆಟ್ ಬರುತ್ತಿದ್ದರೆ, ಆ ದಾರಿಯ ಮೊದಲ ಹೆಜ್ಜೆಗಳು ಅಲ್ಲಿವೆ. ತೆಳುವಾದ ಕ್ಷೌರದ ಬ್ಲೇಡು, ಹಣ್ಣಿನ ರಸ ತೆಗೆಯುವ ಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಫ್ಯಾನು, ಮತ ದಾಖಲಿಸುವ ಯಂತ್ರ, ಹೀಗೆ ಪಟ್ಟಿ ಉದ್ದವಾಗಿದೆ. 1941ರಲ್ಲಿ ರೇಡಿಯೋವನ್ನು 70 ರೂಪಾಯಿಗೆ ಕೊಡಬಲ್ಲೆನೆಂದು ಸಾರಿದರು. 1952ರಲ್ಲಿ ಇಬ್ಬರು ಕೂರುವ ಕಾರನ್ನು 2,000 ರೂಪಾಯಿಗೆ ಸಿದ್ಧಪಡಿಸಿದರು. ಸರ್ಕಾರ ಪರವಾನಗಿ ಕೊಡದೆ ಆ ಕಾರು ಅಲ್ಲಿಗೇ ನಿಂತಿತು. ಹತ್ತಿ, ಪರಂಗಿ ಬೆಳೆಗಳಲ್ಲೂ ಹೊಸ ಪ್ರಯೋಗ ಮಾಡಿದ ಅವರ ತೋಟವನ್ನು ನೋಡಲು ಸರ್ ಸಿ.ವಿ. ರಾಮನ್ ಬಂದಿದ್ದರು, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಬಂದಿದ್ದರು.

ಇಷ್ಟನ್ನೇ ಹೇಳಿ ಮುಗಿಸಿದರೆ ಇದು ಒಬ್ಬ ಜಾಣನ ಕಥೆಯಾದೀತು. ನನ್ನ ಮನಸ್ಸನ್ನು ಹಿಡಿದದ್ದು ಮುಂದಿನ ಸಂಗತಿ. 1944ರಲ್ಲಿ ಅವರು ಮೋಟಾರ್ ಉದ್ಯಮದ ಹೊಣೆಯಿಂದ ಹಿಂದೆ ಸರಿದು, ಸಂಶೋಧನೆ ಮಾಡುವವರಿಗೂ ತಮ್ಮ ಕೆಲಸಗಾರರಿಗೂ ಹಣ ನೀಡಲು ಮುಂದಾದರು. 1945ರಲ್ಲಿ ಆಗಿನ ಮದರಾಸು ಗವರ್ನರ್ ಆರ್ಥರ್ ಹೋಪ್‌ರ ಹೆಸರಿನಲ್ಲಿ ತಾಂತ್ರಿಕ ವಿದ್ಯಾಲಯವನ್ನು ಸ್ಥಾಪಿಸಿದರು. ಶಾಲೆಯಲ್ಲಿ ನಿಲ್ಲದ ಹುಡುಗ ಕಾಲೇಜಿನ ಪ್ರಿನ್ಸಿಪಾಲರಾದರು! ಆದರೆ ನಾಲ್ಕು ವರ್ಷದ ಕೋರ್ಸು ಹುಡುಗರ ಕಾಲವನ್ನು ಹಾಳುಮಾಡುತ್ತದೆ, ಎರಡು ವರ್ಷ ಸಾಕು ಎಂಬುದು ಅವರ ನಿಲುವಾಗಿತ್ತು. ಸರ್ಕಾರ ಒಪ್ಪಲಿಲ್ಲ. ಹುದ್ದೆಗೆ ಅಂಟಿಕೊಳ್ಳದೆ ಅವರು ಹೊರನಡೆದರು.

ಆ ಹಟ ಪೂರ್ತಿ ಸರಿಯೇ ಎಂದು ನೀವು ಕೇಳಬಹುದು. ಎಲ್ಲ ವಿದ್ಯೆಯನ್ನೂ ಎರಡು ವರ್ಷದಲ್ಲಿ ಕಲಿಸಲಾಗದು, ನಿಜ. ಆದರೂ ಮಗನ ಸಂಬಳಕ್ಕಾಗಿ ಕಾದು ಕುಳಿತ ಬಡ ಮನೆಗೆ ನಾಲ್ಕು ವರ್ಷವೆಂದರೆ ಎಷ್ಟೆಂದು ಆ ಮನೆಯವರಿಗೇ ಗೊತ್ತು.

1974ರ ಜನವರಿ 4ರಂದು ನಾಯ್ಡುರವರು ಕಣ್ಮುಚ್ಚಿದರು. ಅವರು ಕಲೆಹಾಕಿದ ಯಂತ್ರಗಳ ಪ್ರದರ್ಶನ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿದೆ. 2025ರಲ್ಲಿ ಅದೇ ರಸ್ತೆಯ ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆಗೆ ಅವರ ಹೆಸರಿಟ್ಟರು.

ತಂದೆತಾಯಂದಿರೇ, ನಮ್ಮ ಊರುಗಳಿಂದ ಚಾಮರಾಜನಗರ, ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಕೊಯಮತ್ತೂರಿಗೆ ದುಡಿಯಲು ಹೋಗುವ ಮಕ್ಕಳು ಎಷ್ಟೋ ಮಂದಿ. ಪರೀಕ್ಷೆಯಲ್ಲಿ ನಪಾಸಾಗಿ ಗ್ಯಾರೇಜು ಸೇರಿದ ಮಗನ ವಿಷಯವನ್ನು ನೆಂಟರ ಮುಂದೆ ತಗ್ಗಿದ ದನಿಯಲ್ಲಿ ಹೇಳುತ್ತೇವಲ್ಲ, ಅದು ತಪ್ಪಲ್ಲವೇ? ಸಂಜೆ ಗ್ರೀಸು ಮೆತ್ತಿದ ಕೈಯಲ್ಲಿ ಅವನು ಮನೆಗೆ ಬಂದಾಗ, ಅಂಕಪಟ್ಟಿಯ ಮಾತು ಎತ್ತಬೇಡಿ. ಇವತ್ತು ಯಾವ ಇಂಜಿನ್ ಬಿಚ್ಚಿದೆ, ಅದರಲ್ಲಿ ಏನು ಕಂಡೆ ಎಂದು ಕೇಳಿ. ಅವನು ಹೇಳುತ್ತಾ ಹೋಗಲಿ, ನೀವು ಕೂತು ಕೇಳಿ.