ಪ್ಲೇಗಿನ ಸೂಜಿಯ ಹಾಫ್ಕಿನ್

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಗಾಂಧೀಜಿ, ವಿಶ್ವೇಶ್ವರಯ್ಯ, ಅಂಬೇಡ್ಕರ್ ಮುಂತಾದ ಮಹನೀಯರ ಬಗ್ಗೆ ಬರೆಯಲು ನನಗಿಂತ ತಿಳಿದವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಲು ಹೊರಟಿರುವುದು ವೈದ್ಯಕೀಯ ಚರಿತ್ರೆಯಲ್ಲಿ ದೊಡ್ಡ ಹೆಸರಾದರೂ ನಮ್ಮ ಪಠ್ಯಪುಸ್ತಕಗಳಲ್ಲಿ ಹೆಚ್ಚು ಕಾಣದ ಒಬ್ಬರ ಬಗ್ಗೆ. ಅದಕ್ಕೆ ಕಾರಣವಿದೆ. 2020 ಮತ್ತು 2021ರಲ್ಲಿ ನಮ್ಮೂರಿನ ಕಟ್ಟೆಯ ಮೇಲೂ, ಬೆಂಗಳೂರಿನ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲೂ ಒಂದೇ ವಾದ ನಡೆಯುತ್ತಿತ್ತು. ಊರು, ಅಂಗಡಿ, ಬಸ್ಸು ಎಲ್ಲವನ್ನೂ ಮುಚ್ಚಿಸುವ ಹಕ್ಕು ಸರ್ಕಾರಕ್ಕೆ ಇದೆಯೇ? ಲಸಿಕೆ ಬೇಡ ಎನ್ನುವವನಿಗೂ ಹಾಕಿಸಬಹುದೇ? ಸರ್ಟಿಫಿಕೇಟ್ ಇಲ್ಲದವನನ್ನು ಒಳಗೆ ಬಿಡದಿರುವುದು ಸರಿಯೇ? ವಾದ ಮಾಡುವವರೆಲ್ಲ ಇದು ಇವತ್ತೇ ಹುಟ್ಟಿದ ಪ್ರಶ್ನೆ ಎಂಬಂತೆ ಮಾತಾಡುತ್ತಿದ್ದರು. ಆದರೆ ಇದೇ ದೇಶದಲ್ಲಿ, ನಮ್ಮ ಹುಬ್ಬಳ್ಳಿ ಮತ್ತು ಬೆಂಗಳೂರುಗಳೂ ಸೇರಿದಂತೆ, 120 ವರ್ಷಗಳ ಹಿಂದೆ ಇದೇ ಜಗಳ ಇನ್ನೂ ಜೋರಾಗಿ ನಡೆದಿತ್ತು. ಆ ಜಗಳದ ನಟ್ಟನಡುವೆ ಸಿಕ್ಕಿಕೊಂಡವರು ವಾಲ್ಡೆಮಾರ್ ಹಾಫ್ಕಿನ್.

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕಾಫ್ ಎಂಬ ದೊಡ್ಡ ವಿಜ್ಞಾನಿಯ ಶಿಷ್ಯರಾದರು. ಜಾರ್ ದೊರೆಯ ವಿರುದ್ಧದ ಚಳವಳಿಯ ಸಂಪರ್ಕದಿಂದ ಪೊಲೀಸರ ಕೈಗೂ ಸಿಕ್ಕಿದ್ದುಂಟು. ಯಹೂದಿಗಳ ಮೇಲೆ ದೊಂಬಿ ನಡೆದಾಗ ತಮ್ಮವರ ರಕ್ಷಣೆಗೆ ನಿಂತು ಪೆಟ್ಟು ತಿಂದರು. ಕ್ರೈಸ್ತ ಧರ್ಮಕ್ಕೆ ಸೇರಿದರೆ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಹುದ್ದೆ ಸಿಗುತ್ತಿತ್ತು. ಅವರು ಸೇರಲಿಲ್ಲ, ಹುದ್ದೆ ಸಿಗಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ, ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದರು. ಅಲ್ಲಿ ಮೊದಲು ಸಿಕ್ಕ ಕೆಲಸ ಸಹಾಯಕ ಗ್ರಂಥಪಾಲಕನದು. ಬಿಡುವಿನಲ್ಲಿ ಪ್ರಯೋಗಾಲಯಕ್ಕೆ ಹೋಗಿ ಕಾಲರಾ ರೋಗಾಣುಗಳ ಬೆನ್ನು ಹತ್ತಿದರು.

1892ರ ಜುಲೈ 18ರಂದು ತಾವು ತಯಾರಿಸಿದ ಕಾಲರಾ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. ಜ್ವರ ಬಂತು, ಇಳಿಯಿತು. ಆಮೇಲೆ ಕೆಲವು ಗೆಳೆಯರು ಸ್ವಯಂಸೇವಕರಾಗಿ ಮುಂದೆ ಬಂದರು. ಆದರೆ ಲಸಿಕೆ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಕಾಲರಾ ಇರುವ ಜಾಗವೇ ಬೇಕಿತ್ತು. ಹೀಗೆ 1893ರಲ್ಲಿ ಅವರು ಭಾರತಕ್ಕೆ ಬಂದಿಳಿದರು.

ಕಲ್ಕತ್ತಾದ ಕೊಳೆಗೇರಿಗಳಲ್ಲಿ ಪರದೇಶದ ಒಬ್ಬ ಬಿಳಿಯ ಸೂಜಿ ಹಿಡಿದು ಬಂದರೆ ಯಾರು ನಂಬುತ್ತಾರೆ? ಒಂದು ಕಡೆ ಜನ ಕಲ್ಲು ತೂರಿದರಂತೆ. ಹಾಫ್ಕಿನ್ ಓಡಲಿಲ್ಲ, ಪೊಲೀಸರನ್ನೂ ಕರೆಯಲಿಲ್ಲ. ಎಲ್ಲರ ಕಣ್ಣೆದುರಿಗೇ ಅಂಗಿ ಎತ್ತಿ ಜೊತೆಯಲ್ಲಿದ್ದ ವೈದ್ಯರಿಂದ ಸೂಜಿ ಚುಚ್ಚಿಸಿಕೊಂಡರು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. 1894ರ ವಸಂತದಲ್ಲಿ ಕಟ್ಟಾಲ್ ಬಗಾನ್ ಎಂಬ ಕೇರಿಯಲ್ಲಿ ಕಾಲರಾ ಬಂದಾಗ ಸುಮಾರು 200 ನಿವಾಸಿಗಳಲ್ಲಿ 116 ಜನ ಒಪ್ಪಿ ಲಸಿಕೆ ಪಡೆದರು. ಆ ನಂತರ ರೋಗ ತಗುಲಿದ್ದೆಲ್ಲ ಲಸಿಕೆ ಪಡೆಯದವರಿಗೆ. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಎರಡೂವರೆ ವರ್ಷದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಕೊಟ್ಟರು. ಅಷ್ಟರಲ್ಲಿ ಮಲೇರಿಯಾ ಅವರನ್ನು ಹಣ್ಣು ಮಾಡಿತ್ತು, ಚೇತರಿಸಿಕೊಳ್ಳಲು ಯುರೋಪಿಗೆ ಹಿಂತಿರುಗಬೇಕಾಯಿತು.

ಅವರು ಮತ್ತೆ ಬಂದ 1896ರಲ್ಲಿ ಬೊಂಬಾಯಿಗೆ ಪ್ಲೇಗು ಕಾಲಿಟ್ಟಿತು. ಅದನ್ನು ಎದುರಿಸಲು ಸರ್ಕಾರ ಹಿಡಿದ ದಾರಿಯನ್ನು ನಾವು ಸ್ವಲ್ಪ ವಿವರವಾಗಿ ನೋಡಬೇಕು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ಕೊರೊನಾ ಬಂದಾಗ ನಮ್ಮ ಸರ್ಕಾರಗಳು ಕೈಗೆತ್ತಿಕೊಂಡದ್ದು ಅದೇ ಕಾಯ್ದೆಯನ್ನು. ಆ ಕಾಯ್ದೆಯ ಬಲದಿಂದ ಅಧಿಕಾರಿಗಳು ಯಾವ ಮನೆಗಾದರೂ ನುಗ್ಗಬಹುದಿತ್ತು. ರೋಗದ ಅನುಮಾನ ಬಂದವರನ್ನು ಆಸ್ಪತ್ರೆಗೆ, ಮನೆಮಂದಿಯನ್ನು ಊರ ಹೊರಗಿನ ಕ್ಯಾಂಪಿಗೆ ಸಾಗಿಸಬಹುದಿತ್ತು. ರೈಲಿನಲ್ಲಿ ಬಂದವರನ್ನು ಇಳಿಸಿ, ಹೆಂಗಸರನ್ನೂ ಬಿಡದೆ ಪರೀಕ್ಷಿಸುತ್ತಿದ್ದರು. ಮನೆಯ ಸಾಮಾನು ಸುಡುವುದು, ಗಾಳಿ ಬೆಳಕು ಬರಲೆಂದು ಹೆಂಚು ತೆಗೆಸುವುದು, ಚರಂಡಿಗೆ ಕಾರ್ಬಾಲಿಕ್ ಆಮ್ಲ ಸುರಿಯುವುದು ಎಲ್ಲವೂ ನಡೆಯಿತು. ಪುಣೆಯಲ್ಲಿ ಈ ಕೆಲಸಕ್ಕೆ ಸೈನಿಕರನ್ನೇ ಬಿಟ್ಟರು. ಬೂಟುಗಾಲು ಅಡುಗೆಮನೆಗೂ ದೇವರ ಕೋಣೆಗೂ ಹೋಯಿತು.

ಜನ ಸುಮ್ಮನಿರಲಿಲ್ಲ. ಬೊಂಬಾಯಿಯ ಗಿರಣಿ ಕಾರ್ಮಿಕರು 1896ರಲ್ಲೇ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಕೊಂದು ಹೆಣದಿಂದ ಎಣ್ಣೆ ತೆಗೆಯುತ್ತಾರೆ ಎಂಬ ಗಾಳಿಸುದ್ದಿ ಇತ್ತು. ಪುಣೆಯ ಪ್ಲೇಗ್ ಅಧಿಕಾರಿ ರ್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು 1897ರ ಜೂನ್ 22ರ ರಾತ್ರಿ ಗುಂಡು ಹಾರಿಸಿದರು, ಆತ ಬದುಕಲಿಲ್ಲ. ತಮ್ಮ ಪತ್ರಿಕೆಯಲ್ಲಿ ಬರೆದದ್ದಕ್ಕಾಗಿ ತಿಲಕರು ರಾಜದ್ರೋಹದ ಆಪಾದನೆಯ ಮೇಲೆ ಜೈಲಿಗೆ ಹೋದರು. ತಿಲಕರು ರೋಗವನ್ನು ಹಗುರವಾಗಿ ಕಂಡವರಲ್ಲ, ಪುಣೆಯಲ್ಲಿ ರೋಗಿಗಳಿಗಾಗಿ ಪ್ರತ್ಯೇಕ ಆಸ್ಪತ್ರೆಯನ್ನೇ ನಡೆಸಿದವರು. ಅವರ ಸಿಟ್ಟು ಸರ್ಕಾರ ನಡೆದುಕೊಂಡ ರೀತಿಯ ಮೇಲೆ.

ಇನ್ನೊಂದು ವಿಷಯ. ಇಷ್ಟೆಲ್ಲ ಬಲಪ್ರಯೋಗ ಮಾಡಿದ ಸರ್ಕಾರಕ್ಕೆ ಆಗ ಪ್ಲೇಗು ಹೇಗೆ ಹರಡುತ್ತದೆ ಎಂಬುದೇ ಗೊತ್ತಿರಲಿಲ್ಲ! ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆ ಎಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಕಂಡುಹಿಡಿದದ್ದು 1898ರಲ್ಲಿ. ಅದನ್ನು ಉಳಿದ ವಿಜ್ಞಾನಿಗಳು ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಚರಂಡಿಗೆ ಆಮ್ಲ ಸುರಿದರೆ ಇಲಿಗಳು ಪಕ್ಕದ ಮನೆಗೆ ಓಡುತ್ತಿದ್ದವು, ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಇಲಿ ಬಿದ್ದರೆ ಊರು ಬಿಡಬೇಕು ಎಂಬ ಪದ್ಧತಿ ಇತ್ತು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. ಹಿರಿಯರಿಂದ ಈ ಕತೆ ಕೇಳದ ಮನೆ ನಮ್ಮ ಕಡೆ ಕಡಿಮೆ. ಅದೂ ಒಂದು ಬಗೆಯ ಲಾಕ್‌ಡೌನೇ. ಆದರೆ ಜನ ತಾವೇ ತೀರ್ಮಾನಿಸಿ ಮಾಡಿದ್ದು, ಮತ್ತು ಇಲಿಯಿಂದ ದೂರ ಹೋಗುವುದಾದ್ದರಿಂದ ಆಮ್ಲಕ್ಕಿಂತ ಎಷ್ಟೋ ಪಾಲು ಉಪಯೋಗಕ್ಕೆ ಬಂದದ್ದು.

ಹಾಫ್ಕಿನ್ ಈ ಗಲಾಟೆಯ ನಡುವೆ ಬೊಂಬಾಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಓಣಿ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರನ್ನು ಇಟ್ಟುಕೊಂಡು ಕೆಲಸ ಶುರು ಮಾಡಿದ್ದರು. ಕೆಲಸದ ಒತ್ತಡಕ್ಕೆ ಸಹಾಯಕರಲ್ಲಿ ಒಬ್ಬನಿಗೆ ಮನಸ್ಸೇ ಕೆಟ್ಟಿತು, ಇಬ್ಬರು ಬಿಟ್ಟುಹೋದರು. ಪ್ಲೇಗಿನ ರೋಗಾಣುಗಳನ್ನು ಸಾರಿನಲ್ಲಿ ಬೆಳೆಸಬೇಕಿತ್ತು. ಯುರೋಪಿನಲ್ಲಿ ಗೋಮಾಂಸದ ಸಾರು ಬಳಸುತ್ತಿದ್ದರು. ಇಲ್ಲಿಯ ಜನರ ನಂಬಿಕೆಗೆ ಧಕ್ಕೆಯಾಗಬಾರದೆಂದು ಹಾಫ್ಕಿನ್ ಆಡಿನ ಮಾಂಸ ಬಳಸಿದರು. ಮೇಲೆ ಕೆಲವು ಹನಿ ತುಪ್ಪ ತೇಲಿಬಿಟ್ಟರೆ ರೋಗಾಣುಗಳು ಅದರಡಿಯಲ್ಲಿ ಬಿಳಲುಗಳಂತೆ ಜೋತುಬೀಳುತ್ತಿದ್ದವು. ಅವನ್ನು ಬಿಸಿಮಾಡಿ ಕೊಂದರೆ ಲಸಿಕೆ ಸಿದ್ಧ. ಮೂರೇ ತಿಂಗಳಲ್ಲಿ ಇದು ಮುಗಿಯಿತು. 1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ತಮ್ಮ ಮೈಗೇ.

ಆ ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಒಪ್ಪಿದ ಕೈದಿಗಳಿಗೆ ಮಾತ್ರ ಲಸಿಕೆ ಕೊಟ್ಟರು, ಸುಮಾರು ಅರ್ಧದಷ್ಟು ಜನ ಒಪ್ಪಿದರು. ಒಂದೇ ಊಟ, ಒಂದೇ ಕಟ್ಟಡ, ಒಂದೇ ಗಾಳಿ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೊಸದನ್ನು ಅರ್ಧ ಬಳಕೆದಾರರಿಗೆ ಮಾತ್ರ ಕೊಟ್ಟು ಉಳಿದರ್ಧದ ಜೊತೆ ಹೋಲಿಸಿ ನೋಡುತ್ತೇವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಲಸಿಕೆ ಪಡೆಯದವರಲ್ಲಿ 12 ಜನರಿಗೆ ರೋಗ ಬಂದು 6 ಜನ ಸತ್ತರು. ಲಸಿಕೆ ಪಡೆದವರಲ್ಲಿ ಆಮೇಲೆ ರೋಗ ಬಂದದ್ದು ಇಬ್ಬರಿಗೆ, ಅವರಿಬ್ಬರೂ ಉಳಿದರು. ಆಗಿನ್ನೂ 20ರ ಆಸುಪಾಸಿನ ಯುವಕರಾಗಿದ್ದ ಆಗಾ ಖಾನರು ಜನರೆದುರಿಗೆ ತಾವೇ ಸೂಜಿ ಹಾಕಿಸಿಕೊಂಡು, ತಮ್ಮ ಸಮುದಾಯದ ಸಾವಿರಾರು ಜನರನ್ನು ಒಪ್ಪಿಸಿದರು. ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೇ ಕೊಟ್ಟರು.

ಮುಂದಿನ ವರ್ಷ ಈ ಸೂಜಿ ನಮ್ಮ ನಾಡಿಗೆ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿತ್ತು. ಅಲ್ಲಿ ಮೇ ತಿಂಗಳಿಂದ ಲಸಿಕೆ ಶುರುವಾಗಿ, ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಊರಿನಲ್ಲಿ ಉಳಿದವರಲ್ಲಿ ಬಹುಪಾಲು ಜನ ಸೂಜಿ ಹಾಕಿಸಿಕೊಂಡಿದ್ದರು. ಕಣ್ಣೆದುರಿಗೆ ಸಾಯುತ್ತಿದ್ದವರು ಯಾರು, ಉಳಿಯುತ್ತಿದ್ದವರು ಯಾರು ಎಂದು ಜನ ತಾವೇ ಎಣಿಸಿದರು. ಅದೇ ವರ್ಷ ರೈಲಿನ ದಾರಿ ಹಿಡಿದು ರೋಗ ಬೆಂಗಳೂರಿಗೂ ಬಂತು. ಪ್ಲೇಗು ಮಾರಮ್ಮನ ಗುಡಿಗಳು ಹುಟ್ಟಿಕೊಂಡದ್ದು ಆಗಲೇ. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆ ಕಟ್ಟಿಕೊಳ್ಳಲು ಈ ರೋಗವೂ ಒಂದು ಕಾರಣ.

ಪ್ಲೇಗಿನ ಲಸಿಕೆಯನ್ನು ಸರ್ಕಾರ ಕಾನೂನಿನಿಂದ ಕಡ್ಡಾಯ ಮಾಡಲಿಲ್ಲ. ಸಿಡುಬಿನ ಲಸಿಕೆಯನ್ನು ಹಲವು ಪಟ್ಟಣಗಳಲ್ಲಿ ಮಕ್ಕಳಿಗೆ ಕಡ್ಡಾಯ ಮಾಡಿದ್ದ ಅದೇ ಸರ್ಕಾರ, ರ್ಯಾಂಡ್‌ನ ಕೊಲೆ ಮತ್ತು 1898ರ ಮಾರ್ಚ್‌ನ ಬೊಂಬಾಯಿ ಗಲಭೆಯ ನಂತರ ಆ ಧೈರ್ಯ ಮಾಡಲಿಲ್ಲ. ಆದರೆ ಲಸಿಕೆಯ ಸರ್ಟಿಫಿಕೇಟ್ ಇದ್ದವರನ್ನು ಕ್ಯಾಂಪಿಗೆ ಕಳಿಸುವುದಿಲ್ಲ ಎಂಬಂಥ ವಿನಾಯಿತಿಗಳನ್ನು ಕೊಟ್ಟಿತು. ಕ್ಯಾಂಪಿನ ಭಯಕ್ಕೆ ಸೂಜಿ ಹಾಕಿಸಿಕೊಂಡವನು ಸ್ವಂತ ಇಚ್ಛೆಯಿಂದ ಹಾಕಿಸಿಕೊಂಡನೇ? ನನಗೆ ಪೂರ್ತಿ ಹಾಗೆನಿಸುವುದಿಲ್ಲ. 2022ರ ಮೇ 2ರಂದು ನಮ್ಮ ಸುಪ್ರೀಂ ಕೋರ್ಟ್ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟಾಗಲೂ ಲಸಿಕೆ ಪಡೆಯದವರ ಓಡಾಟಕ್ಕೆ ಹಾಕುವ ಕಟ್ಟುಪಾಡುಗಳ ಪ್ರಶ್ನೆ ಎದುರಿಗೇ ಇತ್ತು. ಆಗಿನ ಅಂಕಿ ಅಂಶಗಳ ಮೇಲೆ ಅಂಥ ಕಟ್ಟುಪಾಡು ಸರಿಯಲ್ಲ ಎಂದು ಕೋರ್ಟ್ ಹೇಳಿತು. ಲಸಿಕೆಯ ಸರ್ಕಾರಿ ನೀತಿಯನ್ನು ಮಾತ್ರ ಎತ್ತಿಹಿಡಿಯಿತು.

1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಹಬ್ಬಿತು. ಲಕ್ಷಾಂತರ ಜನರಿಗೆ ಲಸಿಕೆ ಬೇಕು ಎಂಬ ಬೇಡಿಕೆ ಬಂತು. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನ ಸೂಜಿ ಹಾಕಿಸಿಕೊಂಡರು. ಅವರಲ್ಲಿ 19 ಜನರಿಗೆ ಒಂದು ವಾರದಲ್ಲಿ ಧನುರ್ವಾಯು ಕಾಣಿಸಿಕೊಂಡಿತು, ಹತ್ತೊಂಬತ್ತೂ ಜನ ಸತ್ತರು. ಎಲ್ಲರಿಗೂ ಲಸಿಕೆ ಕೊಟ್ಟದ್ದು ಒಂದೇ ಬಾಟಲಿಯಿಂದ. ಅದರ ಸಂಖ್ಯೆ 53-ಎನ್.

ವಿಚಾರಣಾ ಆಯೋಗ ಬಂತು. ಬೇಗ ಹೆಚ್ಚು ಲಸಿಕೆ ತಯಾರಿಸಲು ಹಾಫ್ಕಿನ್ ತಯಾರಿಕೆಯ ಕ್ರಮ ಬದಲಿಸಿ ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟಿದ್ದರು. ಪಾಶ್ಚರ್ ಸಂಸ್ಥೆಯಲ್ಲೂ ಅದು ಒಪ್ಪಿತವಾಗಿದ್ದ ಕ್ರಮವೇ. ಆದರೂ ಆಯೋಗ ಬೆರಳು ತೋರಿಸಿದ್ದು ಬೊಂಬಾಯಿಯ ಪ್ರಯೋಗಾಲಯದ ಕಡೆಗೆ. ಹಾಫ್ಕಿನ್ ಹುದ್ದೆ ಕಳೆದುಕೊಂಡು 1904ರಲ್ಲಿ ಇಂಗ್ಲೆಂಡಿಗೆ ಹೋದರು. ಹಳ್ಳಿಯಲ್ಲಿ ನಿಜವಾಗಿ ನಡೆದದ್ದೇನು? ಬಾಟಲಿಯ ಬಿರಡೆ ತೆಗೆಯುವ ಚಿಮಟ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸುವ ಬದಲು ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಬಳಸಿದ್ದ. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ. ವಾರಗಟ್ಟಲೆ ಮೊದಲೇ ಅದು ಬಾಟಲಿಯೊಳಗೆ ಬೆಳೆದಿದ್ದರೆ ತೆರೆದಾಗ ಕೆಟ್ಟ ವಾಸನೆ ಹೊಡೆಯಬೇಕಿತ್ತು. ವಾಸನೆ ಇರಲಿಲ್ಲ ಎಂದು ತೆರೆದ ವೈದ್ಯರೇ ಹೇಳಿದ್ದರು. ಈ ಸಾಕ್ಷ್ಯಗಳೆಲ್ಲ ಕಡತದಲ್ಲೇ ಇದ್ದವು, ಜನರ ಮುಂದೆ ಬರಲು ವರ್ಷಗಳು ಬೇಕಾದವು. ಬಗ್ ಬಂದಾಗ ಲಾಗ್ ಫೈಲ್ ಓದದೆ ಯಾರ ತಲೆಗೆ ಕಟ್ಟಬೇಕೆಂದು ಮೊದಲೇ ತೀರ್ಮಾನಿಸುವ ಮೀಟಿಂಗುಗಳು ನನ್ನ ವೃತ್ತಿಯವರಿಗೆ ಹೊಸದಲ್ಲ. ಆದರೆ ಇಲ್ಲಿ ಪಣಕ್ಕಿದ್ದದ್ದು ಹಳ್ಳಿಗರ ಜೀವ. ಸತ್ತ 19 ಜನರ ಮನೆಯವರಿಗೂ ನಿಜ ಏನೆಂದು ಬೇಗ ಹೇಳಿದವರಿಲ್ಲ, ಸೂಜಿಗೆ ಹೆದರಿ ಹಿಂದೆ ಸರಿದ ಪಂಜಾಬಿನ ಲಕ್ಷಾಂತರ ಜನರಿಗೂ ಹೇಳಿದವರಿಲ್ಲ. ಆ ವರ್ಷಗಳಲ್ಲೇ ಭಾರತದಲ್ಲಿ ಪ್ಲೇಗು ಅತಿ ಹೆಚ್ಚು ಜನರನ್ನು ಕೊಂದದ್ದು. 1907 ಒಂದೇ ವರ್ಷದಲ್ಲಿ ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು.

ಆ 1907ರಲ್ಲೇ ಹಾಫ್ಕಿನ್ ಪರವಾಗಿ ರೊನಾಲ್ಡ್ ರಾಸ್ ದನಿ ಎತ್ತಿದರು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ತೋರಿಸಿ ನೊಬೆಲ್ ಪಡೆದವರು ಇವರೇ. ಇನ್ನೂ ಹಲವು ವಿಜ್ಞಾನಿಗಳು ಸಹಿ ಹಾಕಿದ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂತು, ಪಾರ್ಲಿಮೆಂಟಿನಲ್ಲೂ ಚರ್ಚೆಯಾಯಿತು. ವರ್ಷದ ಕೊನೆಗೆ ಸರ್ಕಾರ ಕಳಂಕ ತೊಳೆದು ಅವರನ್ನು ಮತ್ತೆ ಭಾರತಕ್ಕೆ ಕರೆಯಿತು. ಆದರೆ ಕೊಟ್ಟ ಕೆಲಸ ಬೊಂಬಾಯಿಯದಲ್ಲ, ಕಲ್ಕತ್ತಾದ ಒಂದು ಪ್ರಯೋಗಾಲಯದ್ದು. ಹಳ್ಳಿ ಕೇರಿಗಳಿಗೆ ಹೋಗಿ ಸೂಜಿ ಕೊಡುವ ಅವಕಾಶ ಮತ್ತೆ ಸಿಗಲಿಲ್ಲ. ಮೊದಲ ಮಹಾಯುದ್ಧ ಶುರುವಾದ ಸುಮಾರಿಗೆ ನಿವೃತ್ತರಾದರು. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳನ್ನು ಧರ್ಮನಿಷ್ಠ ಯಹೂದಿಯಾಗಿ ಕಳೆದು, ಗಳಿಸಿದ್ದನ್ನು ಯಹೂದಿ ಧಾರ್ಮಿಕ ಶಾಲೆಗಳಿಗೆ ಬಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

ಅವರು ಬದುಕಿದ್ದಾಗಲೇ, 1925ರಲ್ಲಿ, ಬೊಂಬಾಯಿಯ ಪರೇಲ್‌ನಲ್ಲಿದ್ದ ಅವರ ಹಳೆಯ ಪ್ರಯೋಗಾಲಯಕ್ಕೆ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. 2021ರಲ್ಲಿ ಕೊವ್ಯಾಕ್ಸಿನ್ ತಯಾರಿಸಲು ಕೇಂದ್ರ ಸರ್ಕಾರ ಆರಿಸಿದ ಸಂಸ್ಥೆಗಳ ಪಟ್ಟಿಯಲ್ಲಿ ಮುಂಬಯಿಯ ಹಾಫ್ಕಿನ್ ಹೆಸರೂ ಇತ್ತು.