ಲೂಯಿ ಎಬೇರ್
ಲೂಯಿ ಎಬೇರ್ (ಸು. 1575–1627) ಕೆನಡಾದ ಕ್ವಿಬೆಕ್‌ನಲ್ಲಿ ಕುಟುಂಬಸಮೇತ ನೆಲೆಸಿ ಬೇಸಾಯ ಮಾಡಿದ ಮೊದಲ ಫ್ರೆಂಚ್ ವಲಸಿಗ. ಪ್ಯಾರಿಸ್‌ನ ಔಷಧ ವ್ಯಾಪಾರಿಯೊಬ್ಬನ ಮಗನಾದ ಈತ ತಾನೂ ಅದೇ ವೃತ್ತಿ ಹಿಡಿದಿದ್ದನು. 1617ರಲ್ಲಿ ಪತ್ನಿ ಮರೀ ರೋಲೆ ಹಾಗೂ ಮೂವರು ಮಕ್ಕಳೊಡನೆ ಕ್ವಿಬೆಕ್‌ಗೆ ಬಂದನು. ತುಪ್ಪಳದ ಚರ್ಮದ ವ್ಯಾಪಾರವನ್ನೇ ನೆಚ್ಚಿದ್ದ ಕಂಪನಿಗೆ ಬೇಸಾಯದಲ್ಲಿ ಆಸಕ್ತಿಯಿರಲಿಲ್ಲ. ನೇಗಿಲೂ ಇಲ್ಲದೆ, ಕೈ ಉಪಕರಣಗಳಿಂದಲೇ ಕಾಡು ಕಡಿದು ಧಾನ್ಯ, ತರಕಾರಿ ಬೆಳೆದನು. 1627ರ ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ನಿಧನನಾದನು.

ಹಿರಿಯ ಮಗಳು ಆನ್ ಹೆರಿಗೆಯಲ್ಲಿ ತೀರಿಕೊಂಡಳು. ಮಗ ಗಿಯೋಮ್‌ನ ಗಂಡುಸಂತತಿ ಬಹುಬೇಗ ಅಳಿಯಿತು. ಆದ್ದರಿಂದ ಇಂದು ಎಬೇರ್ ಎಂಬ ಕುಲನಾಮವುಳ್ಳವರು ಗಂಡುಸಂತತಿಯ ಮೂಲಕ ಈತನ ವಂಶಜರೆಂದು ಭಾವಿಸುವುದು ತಪ್ಪು. ವಂಶ ಹೆಚ್ಚಾಗಿ ಹಬ್ಬಿದ್ದು ಕಿರಿಯ ಮಗಳು ಗಿಯ್‌ಮೆತ್‌ಳಿಂದ. 1621ರಲ್ಲಿ ಗಿಯೋಮ್ ಕುಯಾರ್‌ನನ್ನು ವಿವಾಹವಾದ ಆಕೆಗೆ ಹತ್ತು ಮಕ್ಕಳು. 1684ರಲ್ಲಿ ಆಕೆ ಕಾಲವಾಗುವ ವೇಳೆಗೆ ಆಕೆಯ ಸಂತತಿ 250ನ್ನು ಮೀರಿತ್ತು.